ಡೇರಿಯ ನೀರಿಗೆ ಮೂರೂವರೆ ಫ್ಯಾಟ್

ಸ್ನೇಹಿತರೇ, ತಪ್ಪೊಪ್ಪಿಕೊಳ್ಳುತ್ತೇನೆ. ಇವತ್ತು ಬೆಳಗ್ಗೆ ಶಿಡ್ಲಘಟ್ಟದ ಹತ್ತಿರ ನಮ್ಮೂರ ಡೇರಿಯಲ್ಲಿ ನಲ್ಲಿ ನೀರಿಗೆ ಮೂರೂವರೆ ಫ್ಯಾಟ್, ಅಂದರೆ ಒಳ್ಳೆಯ ಹಾಲಿನಷ್ಟು ಕೊಬ್ಬಿನಂಶ, ಬರಿಸಿದೆ.

ಹಾಲು ಪರೀಕ್ಷಿಸುವ ಹೊಸ ಯಂತ್ರಕ್ಕೆ ಕಾರ್ಯದರ್ಶಿ ನಂಜುಂಡಪ್ಪನವರು ಕಬ್ಬಿಣದ ಪಂಜರ ಮಾಡಿಸಿ, ಎರಡು ಬೀಗ ಹಾಕಿ, ದೃಷ್ಟಿಗೆ ನಿಂಬೆಹಣ್ಣನ್ನೂ ಕಟ್ಟಿದ್ದಾರೆ.

“ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಿದ್ದೀರಾ?” ಎಂದೆ.

“ಯಾಕೆ ಮೇಷ್ಟ್ರೇ? ಕಂಪನಿಯೋರು ನಮಗಿಂತ ದಡ್ಡರಾ? ನೀವು ಎಲೆಕ್ಟ್ರಾನಿಕ್ಸ್ ಪಾಠ ಹೇಳೋರು, ಪಾಸ್‌ವರ್ಡ್ ಕೇಳ್ದೆ ಯಂತ್ರದೊಳಗೆ ಹೋಗಿ ತೋರ್ಸಿ ನೋಡಣ” ಎನ್ನುತ್ತ ಅವರೇ ಬೀಗ ತೆಗೆದು ಕಾಫಿಗೆ ಹೋದರು.

ಅವರು ಮರಳಿ ಬಂದಾಗ ಯಂತ್ರ ನೀರನ್ನು ಒಳ್ಳೆಯ ಹಾಲೆಂದು ತೋರಿಸುತ್ತಿತ್ತು. ಅವರ ಮುಖ ಇಳಿಯಿತು. “ಹೀಗೇ ಯಾರಾದರೂ ಒಳಹೊಕ್ಕು ನಿಮ್ಮ ಹಾಲನ್ನೂ ನೀರು ಮಾಡಬಹುದು” ಎಂದು ಹಾಲು ಹಾಕಲು ನಿಂತವರ ಸಾಲಿಗೆಲ್ಲ ಭಾಷಣ ಬಿಗಿದೆ. ಅಳತೆ ಸರಿಪಡಿಸಿ, ಕಾರ್ಯದರ್ಶಿಗಳಿಂದ ಪಾಸ್‌ವರ್ಡ್ ಅಲ್ಲೇ ಬದಲಿ ಮಾಡಿಸಿದೆ. ಎಲ್ಲರೂ ನನ್ನನ್ನು ಹ್ಯಾಕರ್ ಎಂದು ಗೌರವದಿಂದ ನೋಡಿದರು.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಕಾಫಿ ಮುಗಿಯುವ ಹೊತ್ತಾದರೂ ನಾನು ಗುಂಡಿಗಳನ್ನು ಒತ್ತುತ್ತಲೇ ಇದ್ದೆ. ಸಾಲಿನ ಮುಂದಿದ್ದ ಮುನಿಯಮ್ಮಜ್ಜಿ ಕ್ಯಾನು ಕೆಳಗಿಟ್ಟು ನನ್ನ ಕಿವಿಯಲ್ಲಿ ಹೇಳಿದರು: “ಒಂದು ಎರಡು ಮೂರು ನಾಕು ಒತ್ತಪ್ಪ. ಮನೇಲಿ ಕರು ಕಾಯ್ತಾ ಐತೆ.”