ತಿರುಗಿ ಕೇಳದ ಮಾತು

ನನ್ನ ತಮ್ಮ ನಂಜುಂಡ ವಾಕಿಟಾಕಿಯಲ್ಲಿ ಹೇಳಿದ ಒಂದು ಮಾತನ್ನು ನಾನು ತಿರುಗಿ ಕೇಳಲಿಲ್ಲ. ಕೇಳಿದೆ ಎಂದು ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ಅವನ ಕೆಲಸ ಹೋಯಿತು, ನನ್ನದು ಉಳಿಯಿತು. ಲಗ್ಗೆರೆಯ ನನ್ನ ಮನೆಯಿಂದ ಉಲ್ಲಾಳದ ಅವನ ಮನೆಗೆ ಹೆಚ್ಚೆಂದರೆ ಹದಿಮೂರು ಕಿಲೋಮೀಟರ್. ಎರಡು ವರ್ಷ ನಾನು ಆ ದಾರಿ ಹಿಡಿಯಲಿಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಊಟ ಆಯ್ತಾ ಎಂದು ಕೇಳಿ ಜಾರಿಕೊಳ್ಳುತ್ತಿದ್ದೆ.

ಕಳೆದ ಆಷಾಢದ ಒಂದು ಶನಿವಾರ ಬೆಳಿಗ್ಗೆ ಅವನ ಹೆಂಡತಿ ಸವಿತ ಫೋನ್ ಮಾಡಿದಳು. ‘ಅಕ್ಕ, ಇಲ್ಲೇ ಒಂದು ಸ್ಕೂಲಲ್ಲಿ ವ್ಯಾನ್ ಓಡ್ಸೋಕೆ ಇವ್ರನ್ನ ಕರೀತಾ ಇದಾರೆ. ಇವತ್ತು ಸಂಜೆ ಒಳಗೆ ಹೇಳ್ಬೇಕಂತೆ. ಇವ್ರು ಸ್ಟೇರಿಂಗ್ ಮುಟ್ಟಲ್ಲ ಅಂತಾರೆ. ನೀವಾದ್ರೂ ಬಂದು ಹೇಳಿ.’ ನಾನು ಹೂಂ ಎಂದೆ. ಫೋನ್ ಇಟ್ಟೆ. ಆಮೇಲೆ ಅವನ ಮಕ್ಕಳಿಗೆ ಕೋಡುಬಳೆ ಡಬ್ಬಿಗೆ ಹಾಕಿಕೊಂಡು ಹೊರಟೆ.

ಒಂಬತ್ತೂವರೆಗೆ ಬಸ್ ಸ್ಟಾಪಿಗೆ ಬಂದೆ. ಗಾಳಿ ಜೋರಾಗಿತ್ತು, ಮೋಡ ಇದ್ದರೂ ಮಳೆ ಇರಲಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು ಕಣ್ಣುಜ್ಜುತ್ತ ಮನೆ ಕಡೆ ಹೋಗುತ್ತಿದ್ದರು. ಕಾಲು ಗಂಟೆ ಕಾದ ಮೇಲೆ ಬಸ್ಸು ಬಂತು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಟ್ಟ. ರಾಜಾಜಿನಗರದ ತನಕ ನಿಂತೇ ಹೋದೆ. ಅಲ್ಲಿ ಇಳಿದು ವಿಜಯನಗರದ ಬಸ್ಸು ಹತ್ತಿದೆ.

ಬಸವೇಶ್ವರನಗರ ದಾಟುವಾಗ ಒಂದು ಘಟನೆ ನಡೆಯಿತು. ಒಬ್ಬ ಮುದುಕಿ ಸೊಪ್ಪಿನ ಚೀಲ ಹಿಡಿದು ನಿಧಾನವಾಗಿ ಇಳಿಯುತ್ತಿದ್ದರು. ಬಾಗಿಲ ಬಳಿ ನಿಂತಿದ್ದ, ಟೈ ಕಟ್ಟಿದ್ದ ಒಬ್ಬರು ಆಫೀಸಿನ ಅವಸರದಲ್ಲಿ ಬಸ್ಸಿನ ತಗಡು ಬಡಿದು ‘ರೈಟ್ ರೈಟ್’ ಎಂದುಬಿಟ್ಟರು. ಬಸ್ಸು ಹೊರಟಿತು. ಮುದುಕಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಎಲ್ಲರೂ ಕೂಗಿಕೊಂಡರು, ಡ್ರೈವರ್ ಬ್ರೇಕ್ ಹಾಕಿದ. ಅವರಿಗೆ ಏನೂ ಆಗಲಿಲ್ಲ, ಸೊಪ್ಪು ಮಾತ್ರ ರಸ್ತೆಗೆ ಚೆಲ್ಲಿತು.

ಕಂಡಕ್ಟರ್ ಹಿಂದಿನಿಂದ ನುಗ್ಗಿ ಬಂದ. ‘ರೈಟ್ ಹೇಳಕ್ಕೆ ನೀವ್ಯಾರ್ ಸಾರ್? ನನ್ ವಿಷಲ್ ಏನ್ ಪೀಪಿನಾ?’

‘ಅವ್ರು ಇಳಿದ್ರು ಅಂದ್ಕೊಂಡೆ ಕಣ್ರಿ.’

‘ಅಂದ್ಕೊಂಡ್ರಂತೆ. ಇಳಿದು ಆ ಸೊಪ್ಪು ಆರಿಸ್ಕೊಟ್ಟು ಬನ್ನಿ, ಅಲ್ಲಿವರ್ಗೂ ಗಾಡಿ ಹೋಗಲ್ಲ.’

ಅವರು ನಿಜವಾಗಿಯೂ ಇಳಿದು ಆರಿಸಿಕೊಟ್ಟರು. ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಾನೂ ಹಾಗೇ ಅಂದುಕೊಂಡವಳು.

ವಿಜಯನಗರದಲ್ಲಿ ಇಳಿದಾಗ ಹನ್ನೊಂದು ಆಗಿತ್ತು. ಹೋಟೆಲಿನಲ್ಲಿ ನಿಂತು ಒಂದು ತಟ್ಟೆ ಇಡ್ಲಿ ತಿಂದೆ, ಅರ್ಧ ಬಿಟ್ಟೆ. ಮೆಟ್ರೋ ಟೋಕನ್ ತೆಗೆದುಕೊಂಡು ಮೇಲೆ ಹತ್ತಿದೆ. ಜ್ಞಾನಭಾರತಿ ನಿಲ್ದಾಣದ ತನಕ ಇಪ್ಪತ್ತು ನಿಮಿಷದೊಳಗಿನ ದಾರಿ. ಕಿಟಕಿ ಬಳಿ ಸೀಟು ಸಿಕ್ಕಿತು. ಕೆಳಗೆ ಮೈಸೂರು ರಸ್ತೆಯ ಲಾರಿಗಳು, ಮನೆಗಳ ತಾರಸಿ, ಒಣಹಾಕಿದ ಬಟ್ಟೆ ಕಾಣುತ್ತಿದ್ದವು. ಆ ದಿನದ್ದೆಲ್ಲ ನೆನಪಾಯಿತು.

ಆಗ ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಬೇರೆ ಜಿಲ್ಲೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ, ಕಂಟ್ರಾಕ್ಟರ್ ಕೈಕೆಳಗೆ. ಆ ಕಂಟ್ರಾಕ್ಟು ಮುಗಿದ ಮೇಲೆಯೇ ನಾನು ಲಗ್ಗೆರೆಗೆ ಬಂದದ್ದು. ದಿನಕ್ಕೆ ನಾಲ್ಕೈದು ವಿಮಾನ ಬರುತ್ತಿದ್ದವು. ನಡುವೆ ಬಿಡುವಿದ್ದಾಗ ರನ್‌ವೇ ಪಕ್ಕದ ಹುಲ್ಲು ಕತ್ತರಿಸಬೇಕು, ಕಲ್ಲು, ತಗಡಿನ ಚೂರು ಆರಿಸಬೇಕು. ನಂಜುಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾನು ಏಳನೇ ಕ್ಲಾಸು ಓದಿದ್ದೆನೆಂದು ಹೆಂಗಸರ ಮೇಸ್ತ್ರಿ ಮಾಡಿ ಕೈಗೆ ವಾಕಿಟಾಕಿ ಕೊಟ್ಟಿದ್ದರು. ವಿಮಾನ ಇಳಿಯುವ ಮುಂಚೆ ಎಲ್ಲರೂ ರನ್‌ವೇ ಜಾಗದಿಂದ ಹೊರಗೆ ಬಂದರು ಎಂದು ನಾನು ಜೀಪಿನಲ್ಲಿದ್ದ ಸೂಪರ್‌ವೈಸರ್‌ಗೆ ಹೇಳಬೇಕು, ಅವರು ವಿಮಾನಗಳಿಗೆ ಅಪ್ಪಣೆ ಕೊಡುವ ಟವರ್‌ಗೆ ಹೇಳಬೇಕು, ಟವರ್‌ನವರು ಪೈಲಟ್‌ಗೆ ಇಳಿಯಿರಿ ಎನ್ನಬೇಕು. ಇದು ಅಲ್ಲಿನ ಕ್ರಮ.

ಕೆಲಸಕ್ಕೆ ಸೇರಿದಾಗ ಒಬ್ಬರು ಪಾಠ ಮಾಡಿದ್ದರು. ‘ಒಳಗೆ, ಹೊರಗೆ, ಈ ಎರಡೇ ಪದ ಹೇಳಿ. ಕೇಳಿಸ್ಕೊಂಡೋರು ಅದನ್ನೇ ತಿರುಗಿ ಹೇಳ್ಬೇಕು. ವಿಮಾನ ಓಡ್ಸೋರೂ ಟವರ್ ಹೇಳಿದ್ದನ್ನ ಹಾಗೇ ತಿರುಗಿ ಹೇಳ್ತಾರೆ.’

ನಮ್ಮಲ್ಲಿದ್ದ ಜಯಮ್ಮ ಕೈ ಎತ್ತಿ, ‘ಮನೇಲಿ ತಿರುಗಿ ಹೇಳಿದ್ರೆ ಒದೆ ಬೀಳುತ್ತೆ ಸಾರ್’ ಎಂದಳು. ಪಾಠ ಮಾಡುವವರೂ ನಕ್ಕುಬಿಟ್ಟರು. ಪಾಠ ಅಲ್ಲಿಗೆ ಮುಗಿಯಿತು.

ಆ ದಿನ ವಿಮಾನ ಬರುತ್ತಿದೆ ಎಂದು ತಿಳಿದು ಮೊದಲು ಹೆಂಗಸರನ್ನೆಲ್ಲ ಕೂಗಿ ಹೊರಗೆ ಕರೆದೆ. ಅವರು ಬಂದರು. ನಂಜುಂಡನ ಟ್ರ್ಯಾಕ್ಟರ್ ಒಂದು ಇಳಿಜಾರಿನ ಆಚೆ ಇತ್ತು, ನನಗೆ ಕಾಣುತ್ತಿರಲಿಲ್ಲ. ಅವನನ್ನು ಕರೆಯುವ ಮೊದಲೇ ವಾಕಿಟಾಕಿ ಗರಗರ ಎಂದಿತು. ನಡುವೆ ಅವನ ದನಿ: ‘...ಬರ್ತೀನಿ ಅಕ್ಕ.’

ನಮ್ಮ ಮನೆಯಲ್ಲಿ ಹೊರಗೆ ಹೊರಟವರು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಅದು ಅಪಶಕುನ. ಅಂಗಡಿಗೆ ಹೊರಟರೂ ‘ಬರ್ತೀನಿ’ ಎಂದೇ ಹೇಳಿ ಹೋಗಬೇಕು, ಅವ್ವ ಹಾಗೆ ಬೆಳೆಸಿದ್ದಳು. ನಂಜುಂಡನ ಹುಲ್ಲು ಕತ್ತರಿಸುವ ಯಂತ್ರದ ಒಂದು ಬೋಲ್ಟು ರನ್‌ವೇ ಆಚೆ ಬಿದ್ದಿತ್ತು. ಅದನ್ನು ತರಲು ರನ್‌ವೇ ದಾಟಿ ಹೋಗುತ್ತಿದ್ದೇನೆ ಎಂದು ಅವನು ಹೇಳಿದ್ದು, ಅದು ಆಮೇಲೆ ತಿಳಿಯಿತು. ನಾನು ಈ ಕಡೆಗೆ ಬರುತ್ತಿದ್ದಾನೆ ಎಂದುಕೊಂಡೆ. ‘ಒಳಗೋ ಹೊರಗೋ’ ಎಂದು ಒಂದು ಮಾತು ಕೇಳಬೇಕಿತ್ತು. ಸ್ವಂತ ತಮ್ಮನ ಹತ್ತಿರ ಅದೇನು ನಾಟಕ ಎಂದು ಕೇಳಲಿಲ್ಲ. ‘ಎಲ್ಲಾ ಬಂದ್ರು ಸಾರ್’ ಎಂದು ಸೂಪರ್‌ವೈಸರ್‌ಗೆ ಹೇಳಿದೆ.

ವಿಮಾನ ನೆಲಕ್ಕೆ ತೀರ ಹತ್ತಿರ ಬಂದಿತ್ತು. ರನ್‌ವೇ ಮೇಲೆ ಟ್ರ್ಯಾಕ್ಟರ್ ಕಂಡ ಪೈಲಟ್ ಅದನ್ನು ಮೇಲಕ್ಕೆತ್ತಿದರು. ನಮ್ಮ ತಲೆಯ ಮೇಲೆ ಹಾದುಹೋದ ಆ ಸದ್ದಿಗೆ ಜಯಮ್ಮ ನೆಲಕ್ಕೆ ಕೂತುಬಿಟ್ಟಳು. ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆಯಲ್ಲಿ ಟವರ್‌ನವರ ಮತ್ತು ಪೈಲಟ್‌ನ ಮಾತುಗಳ ರೆಕಾರ್ಡಿಂಗ್ ಹಾಕಿ ಕೇಳಿಸಿದರು. ಟವರ್‌ನವರು ಹೇಳಿದ್ದನ್ನು ಪೈಲಟ್ ಒಂದಕ್ಷರ ಬಿಡದೆ ತಿರುಗಿ ಹೇಳಿದ್ದರು. ಎಲ್ಲ ಸರಿಯಾಗಿತ್ತು. ಬುಡದಲ್ಲಿದ್ದ ನನ್ನ ಮಾತೊಂದೇ ಸುಳ್ಳು. ನಮ್ಮ ವಾಕಿಟಾಕಿಯ ಮಾತು ಎಲ್ಲೂ ಉಳಿದಿರಲಿಲ್ಲ. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಪಕ್ಕದವರು ತಿಳಿಸಿ ಹೇಳುತ್ತಿದ್ದರು. ಅವನು ಏನಂದ ಎಂದು ಕೇಳಿದರು. ‘ಬರ್ತೀನಿ ಅಂದ’ ಎಂದೆ. ಆ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ ಎಂದು ಹೇಳಲಿಲ್ಲ. ನೀವು ತಿರುಗಿ ಹೇಳಿದಿರಾ ಎಂದರು. ‘ಹೊರಗೆ ಬಾ ಅಂತ ತಿರುಗಿ ಹೇಳ್ದೆ ಸಾರ್.’ ನಿಲ್ದಾಣದ ಪಾಸ್ ಕಿತ್ತುಕೊಂಡು ಕೆಲಸದಿಂದ ತೆಗೆಯುತ್ತಾರೆ ಎಂಬ ಹೆದರಿಕೆ, ಅಷ್ಟೇ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ.

ನಂಜುಂಡ ಪಕ್ಕದ ಕುರ್ಚಿಯಲ್ಲೇ ಇದ್ದ. ನನ್ನ ಮುಖ ನೋಡಿದ. ‘ಟ್ರ್ಯಾಕ್ಟರ್ ಸದ್ದಿಗೆ ನಂಗೇ ಕೇಳಿಸಿಲ್ಲ ಅನ್ಸುತ್ತೆ ಸಾರ್. ಅಕ್ಕ ಹೇಳಿರ್ತಾಳೆ’ ಎಂದ.

ಜ್ಞಾನಭಾರತಿಯಲ್ಲಿ ಇಳಿದಾಗ ಹನಿ ಶುರುವಾಗಿತ್ತು. ಉಲ್ಲಾಳದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಪಕ್ಕದಲ್ಲಿ ರಾಯಚೂರಿನ ಕಡೆಯ ಹೆಂಗಸೊಬ್ಬಳು ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ‘ಎಲ್ಲಿಗಿ ಹೊಂಟೀರಿ ಅಕ್ಕಾರ?’ ಎಂದು ಕೇಳಿದಳು. ತಮ್ಮನ ಮನೆಗೆ ಎಂದೆ. ‘ತವರುಮನಿ ಅನ್ರಿ. ಮತ್ತ ಮುಖ ಯಾಕ ಹಿಂಗ ಸಣ್ಣ ಮಾಡೀರಿ?’ ಅಷ್ಟರಲ್ಲಿ ಬಸ್ಸು ಬಂತು.

ಕೆಲಸ ಹೋದ ಮೇಲೆ ನಂಜುಂಡ ಉಲ್ಲಾಳದ ಹಿಟ್ಟಿನ ಗಿರಣಿಯಲ್ಲಿ ಸೇರಿಕೊಂಡಿದ್ದ. ನೇರ ಅಲ್ಲಿಗೇ ಹೋದೆ. ಅವನ ಹುಬ್ಬು, ಕಿವಿಯ ಕೂದಲು ಎಲ್ಲ ಹಿಟ್ಟು. ರಾಗಿ ಡಬ್ಬ ಹಿಡಿದ ಒಬ್ಬ ಅಜ್ಜಿ ಕೂಗಿ ಹೇಳುತ್ತಿದ್ದರು: ‘ನುಣ್ಣಗ್ ಮಾಡಪ್ಪ, ನಂಗಿರೋದು ಎರಡೇ ಹಲ್ಲು.’

‘ಮುದ್ದೆ ನುಂಗೋಕೆ ಅವೆರಡೂ ದಂಡ ಕಣಜ್ಜಿ’ ಎಂದು ಅವನೂ ಕೂಗಿದ.

ಆಮೇಲೆ ನನ್ನನ್ನು ನೋಡಿದ. ಕೈ ಒರೆಸಿಕೊಂಡು ಹತ್ತಿರ ಬಂದ. ಗಿರಣಿಯ ಸದ್ದು ಎದೆಗೆ ಬಡಿಯುತ್ತಿತ್ತು. ಆ ಸದ್ದಿನ ಒಳಗೇ ನಿಜ ಹೇಳಿಬಿಡುವುದು ಸುಲಭ ಅನಿಸಿ ಹೇಳಿದೆ. ಅವನು ಕಿವಿಗೆ ಕೈ ಹಿಡಿದ, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದ, ಹೋಗಿ ಮೋಟಾರು ಆರಿಸಿದ. ಬೆಲ್ಟು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಡಿಯಲ್ಲಿ ಅಜ್ಜಿಯಲ್ಲದೆ ಇನ್ನಿಬ್ಬರಿದ್ದರು.

‘ಏನಕ್ಕ? ಕೇಳಿಸ್ಲಿಲ್ಲ.’

ನನ್ನ ಧೈರ್ಯ ಅಷ್ಟಕ್ಕೇ ಇಳಿಯಿತು. ‘ಸ್ಕೂಲ್ ವ್ಯಾನ್ ಯಾಕೋ ಬೇಡ ಅಂದೆ?’ ಎಂದೆ.

‘ಸವಿತ ಹೇಳಿದ್ಲಾ?’ ಅವನು ನೆಲ ನೋಡಿದ. ‘ಮಕ್ಕಳ ಗಾಡಿ ಕಣಕ್ಕ ಅದು. ನೀನು ಅಷ್ಟು ಸ್ಪಷ್ಟವಾಗಿ ಹೊರಗೆ ಬಾ ಅಂದ್ರೂ ಕೇಳಿಸ್ಕೊಳ್ದೇ ಇದ್ದೋನು ನಾನು. ಒಂದು ವಿಮಾನದ ಜನ ಹೋಗ್ಬಿಡ್ತಿದ್ರು. ನನ್ನ ಕಿವೀನ ನಾನೇ ನಂಬಲ್ಲ. ಮಕ್ಕಳನ್ನ ಹೆಂಗೆ ಕೂರಿಸ್ಕೊಳ್ಳಿ?’

ಎರಡು ವರ್ಷ ಅವನು ಇದನ್ನು ಹೊತ್ತುಕೊಂಡಿದ್ದ ಎಂದು ಆಗ ತಿಳಿಯಿತು. ಕೆಲಸ ಹೋದ ಬೇಸರ ಇರಬಹುದೆಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅಜ್ಜಿ ಡಬ್ಬ ಹಿಡಿದು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ.

‘ನಿನ್ನ ಕಿವಿ ಸರಿಯಾಗೇ ಇತ್ತು ನಂಜುಂಡ. ನಾನು ತಿರುಗಿ ಹೇಳ್ಲೇ ಇಲ್ಲ. ಹೇಳ್ದೆ ಅಂತ ಅವ್ರ ಮುಂದೆ ಸುಳ್ಳು ಹೇಳ್ದೆ, ನನ್ನ ಕೆಲಸ ಉಳಿಸ್ಕೊಳ್ಳೋಕೆ. ನಿನ್ನದು ಏನೂ ತಪ್ಪಿಲ್ಲ. ನಂದು ತಪ್ಪಾಯ್ತು ಕಣಪ್ಪ, ನನ್ನನ್ನ ಕ್ಷಮಿಸು.’