ಕಾಯಿನೀರು ಒಳಗೆ ಹೋಗಿರಲಿಲ್ಲ

ವೈನಿ, ಆ ಡಬ್ಬಿ ಸುಟ್ಟಿರಲಿಲ್ಲ. ನೀವು ಹಾಕಿದ ಕಾಯಿನೀರಿನ ಒಂದು ಹನಿಯೂ ಅದರೊಳಗೆ ಹೋಗಿರಲಿಲ್ಲ. ಹೋಗಿದೆ ಎಂದು ನಾನು ಸುಳ್ಳು ಹೇಳಿದೆ — ಗೊತ್ತಿದ್ದೂ, ಬೇಕಂತಲೇ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಈ ಮೈದುನನಿಗೆ ಇವತ್ತಿಗೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶೈಲಾ ಜ್ವರದಲ್ಲಿ ಹೋದ ಮೇಲೆ ನಿಮಗೂ ಅಣ್ಣನಿಗೂ ಮಗಳು ಅಂತ ಉಳಿದದ್ದು ಆ ಡಬ್ಬಿಯಲ್ಲಿದ್ದಷ್ಟೇ. ಅದನ್ನು ಮನೆಗೆ ತಂದವನೂ ನಾನೇ. ಶಹಾಪುರದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು, ಮನೆಯಲ್ಲಿ ನನ್ನಷ್ಟು ಜಾಣ ಯಾರು! ಎಲ್ಲರ ಮೊಬೈಲು ತುಂಬಿಹೋಗಿದ್ದವು. ಫೋಟೊ, ವಿಡಿಯೊ ಎಲ್ಲವನ್ನೂ ಆ ಡಬ್ಬಿಯ ಹಾರ್ಡ್ ಡಿಸ್ಕಿಗೆ ತುಂಬಿ, ಮೊಬೈಲಿನಿಂದ ಅಳಿಸಿ, ಪಡಸಾಲೆಯ ಗೂಡಿನಲ್ಲಿಟ್ಟೆ. ಶೈಲಾಳ ಓದಿಗೆಂದು ತಂದಿದ್ದ ಕಂಪ್ಯೂಟರಿನಲ್ಲಿ ಮನೆಯ ವೈಫೈ ಹಿಡಿದು ಅದು ತೆರೆಯುತ್ತಿತ್ತು. ಸಂಜೆ ರೊಟ್ಟಿ ಬಡಿದು ಮುಗಿಸಿ ನೀವು ಅದರ ಮುಂದೆ ಕೂರುತ್ತಿದ್ದಿರಿ. ಅಣ್ಣ ಕುರ್ಚಿಯ ಹಿಂದೆ ನಿಂತು ಕೇಳುತ್ತಿದ್ದ. ಗೋಡೆಯ ಮೇಲೆ ಮಗಳ ಫೋಟೊ ಇತ್ತು, ಆದರೆ ದನಿ ಇದ್ದದ್ದು ಅಲ್ಲಿ ಮಾತ್ರ.

ಆಮೇಲೆ ಹಿರಿಯರು ಕೂತು ನಮ್ಮಿಬ್ಬರಿಗೆ ಹೊಲ ಪಾಲು ಮಾಡಿದರು. ಕಾಲುವೆ ಮಗ್ಗುಲಿನದು ಅಣ್ಣನಿಗೆ, ತುದಿಯದು ನನಗೆ. "ನೌಕರಿ ಅದಲ್ಲ ನಿಂಗ" ಅಂದರು. ಅಣ್ಣ ತಲೆಯಾಡಿಸಿದ. ತುದಿಗೆ ನೀರು ಬರುವುದು ಮೇಲಿನವರ ಭತ್ತದ ಗದ್ದೆ ಕುಡಿದು ಬಿಟ್ಟ ಮೇಲೆ — ಬಂದರೆ. ನನ್ನ ಹೊಟ್ಟೆ ಹೇಗೆ ಉರಿಯುತ್ತಿತ್ತೆಂದರೆ… ಬೇಡ. ಅದನ್ನು ಬಣ್ಣಿಸಲು ಹೋದರೆ ನೆಪ ಹೇಳಿದಂತಾಗುತ್ತದೆ.

ಮಹಾನವಮಿ ಬಂತು, ಆಯುಧ ಪೂಜೆ. ನೀವು ಕುಡಗೋಲು, ಕೊಡಲಿ, ಹೊಲಿಗೆ ಮಷಿನ್ ಎಲ್ಲಕ್ಕೂ ವಿಭೂತಿ ಹಚ್ಚಿ, ಕೊನೆಗೆ ಆ ಡಬ್ಬಿಗೂ ಹಚ್ಚಿದಿರಿ. ಹೂವು ಏರಿಸಿ, ಕಾಯಿ ಒಡೆದು, ನೀರು ಚಿಮುಕಿಸಿದಿರಿ. ಮಗಳಿರುವ ಜಾಗ, ಪೂಜೆ ಇಲ್ಲದೆ ಬಿಡುತ್ತೀರಾ? ನಾನು ಚಹಾ ಕುಡಿಯುತ್ತ ನೋಡುತ್ತಲೇ ಇದ್ದೆ. ನೀರು ಬಿದ್ದದ್ದು ಮೇಲಿನ ಮುಚ್ಚಳದ ಮೇಲೆ. ನೀವೇ ಸೆರಗಿನಿಂದ ಒರೆಸಿದಿರಿ. ಮಧ್ಯಾಹ್ನ ಅಣ್ಣ ಕಾಲುವೆ ಹೊಲಕ್ಕೆ ಪೂಜೆ ಮಾಡಿ, ಟ್ರ್ಯಾಕ್ಟರಿಗೆ ಹಾರ ಹಾಕಿ ನಗುನಗುತ್ತ ಬಂದ. ಆ ನಗು ನನಗೆ ಸಹಿಸಲಾಗಲಿಲ್ಲ. ಒಳಗೆ ಹೋಗಿ, ಹಾಸಿಗೆ ಮೇಲೆ ಮಲಗಿಕೊಂಡೇ, ಮೊಬೈಲಿನಲ್ಲಿ ಡಬ್ಬಿಯ ಪಾಸ್‌ವರ್ಡ್ ಬದಲಿಸಿಬಿಟ್ಟೆ. ಎರಡು ದಿನ ಒದ್ದಾಡಲಿ ಅವನು, ಅಂದುಕೊಂಡೆ.

ಸಂಜೆ ಅಣ್ಣ ಕೂಗಿದ: "ತಮ್ಮಾ, ಶೈಲಾಂದು ತೆರಿವಲ್ದು. ಸ್ವಲ್ಪ ನೋಡು ಬಾ."

ಹೋದೆ. ಎಂಥ ನಾಟಕ ಆಡಿದೆ, ವೈನಿ! ವಯರು ಕಿತ್ತು ಮತ್ತೆ ಹಾಕಿದೆ. ರೌಟರ್ ಆರಿಸಿ ಹಚ್ಚಿದೆ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಪಾಸ್‌ವರ್ಡ್ ತಪ್ಪಿದೆ ಎಂದು ಪರದೆ ಇಂಗ್ಲಿಷಿನಲ್ಲಿ ಸ್ವಚ್ಛವಾಗಿ ಹೇಳುತ್ತಿತ್ತು. ಅಣ್ಣ ಭುಜದ ಮೇಲಿಂದ ಬಗ್ಗಿ, "ಏನಂತಾದ ಅದು?" ಅಂದ. "ಡಬ್ಬಿ ಸಿಗವಲ್ದು ಅಂತಾದ" ಅಂದೆ.

ಆಗ ನೀವು ಬಾಗಿಲಲ್ಲಿ ನಿಂತು, ಮೆಲ್ಲಗೆ ಕೇಳಿದಿರಿ — "ತಮ್ಮಾ, ಮುಂಜಾನಿ ಅದಕ್ಕ ಕಾಯಿನೀರು ಹಾಕೀನಿ… ಅದರಿಂದೇನರ ಹಿಂಗ ಆಗ್ಯಾದೇನು?"

ಇಲ್ಲ ಅನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು. ನನ್ನ ಬಾಯಿಂದ ಬಂದದ್ದು — "ಹೌದ್ರಿ ವೈನಿ. ನೀರು ಒಳಗ ಹೋಗ್ಯಾದ. ಎಲ್ಲಾ ಸುಟ್ಟಾದ."

ಅಣ್ಣ ನಿಮ್ಮ ಕಡೆ ತಿರುಗಿದ. ಹಬ್ಬಕ್ಕೆ ಬಂದಿದ್ದ ನೆಂಟರೆಲ್ಲ ಪಡಸಾಲೆಯಲ್ಲಿದ್ದರು. ಅವರೆದುರಿಗೇ ಅಂದ: "ನಿನ್ನ ಪೂಜಿಗೆ ಬೆಂಕಿ ಹಚ್ಚ! ನನ್ನ ಮಗಳನ್ನ ಎರಡನೇ ಸಲ ಸಾಯಿಸಿದಿ."

ಆ ಮಾತು ಕೇಳಿ ನನ್ನ ಎದೆ ಒಡೆಯಿತು ಎಂದು ಬರೆದರೆ ಅದೂ ಸುಳ್ಳೇ. ಸುಖವಾಯಿತು, ವೈನಿ. ಥೂ, ನನ್ನ ಜನ್ಮಕ್ಕಿಷ್ಟು — ಅವನ ನಗು ಆರಿದ್ದು ನೋಡಿ ನನಗೆ ಸುಖವಾಯಿತು.

ಬಿಡಿಸಿಕೊಳ್ಳಲು ದಾರಿಯೂ ಇತ್ತು. ಕಲಬುರಗಿಯಲ್ಲಿ ತೋರಿಸಿ ಬರುತ್ತೇನೆಂದು ಡಬ್ಬಿ ಒಯ್ದವನು, ರಿಪೇರಿಯಾಯಿತು ಎಂದು ತಂದುಕೊಟ್ಟಿದ್ದರೆ ನೀವು ನನ್ನ ಕಾಲು ಹಿಡಿಯುತ್ತಿದ್ದಿರಿ. ಕೊಡಲಿಲ್ಲ. ಇವತ್ತು ಬೇಡ, ನಾಳೆ — ಅಣ್ಣ ಇನ್ನೊಂದಿಷ್ಟು ಉರಿಯಲಿ — ಆಮೇಲೆ ವರ್ಷಗಳೇ ಉರುಳಿದವು, ಬಾಯಿ ತೆರೆಯಲು ಹೆದರಿಕೆ ಶುರುವಾಯಿತು. ಡಬ್ಬಿ ನನ್ನ ಟ್ರಂಕಿನಲ್ಲೇ ಉಳಿಯಿತು. ನೀವು ದೇವರ ಜಗಲಿಗೆ ದೀಪ ಹಚ್ಚುವುದನ್ನು ನನ್ನ ಹೆಂಡತಿಗೆ ಬಿಟ್ಟಿರಿ. ತಿಂಥಣಿ ಜಾತ್ರೆಗೆ ಹೋಗುವುದನ್ನು ನಿಲ್ಲಿಸಿದಿರಿ. ಅಣ್ಣ ನಿಮ್ಮ ಕೈಯಿಂದ ತಾಟು ತೆಗೆದುಕೊಂಡದ್ದನ್ನು ನಾನು ಮತ್ತೆ ನೋಡಲಿಲ್ಲ. ಹಾಸಿಗೆ ಹಿಡಿದಾಗಲೂ ನೀರು ಕೇಳಿದ್ದು ನನ್ನ ಹೆಂಡತಿಯನ್ನು. ನೀವು ಅಡುಗೆಮನೆಯ ಹೊಸ್ತಿಲಲ್ಲಿ ಚೊಂಬು ಹಿಡಿದು ನಿಂತಿರುತ್ತಿದ್ದಿರಿ.

ಈಗ ಅವನಿಲ್ಲ. ಡಬ್ಬಿ ಕೊಡಬಲ್ಲೆ, ಅದರೊಳಗಿನದೆಲ್ಲ ಇದ್ದ ಹಾಗೇ ಇದೆ. ಆದರೆ ಅವತ್ತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದವನು ಮಣ್ಣಿಗೆ ಹೋದ, ಅದನ್ನು ನಿಜವೆಂದೇ ನಂಬಿಕೊಂಡು ಹೋದ. ಅವನ ವರ್ಷದ ದಿನ ನೆಂಟರೆಲ್ಲ ಮತ್ತೆ ಆ ಪಡಸಾಲೆಯಲ್ಲಿ ಕೂಡುತ್ತಾರೆ. ಎಲ್ಲರೆದುರು ನಿಂತು ಹೇಳುತ್ತೇನೆ — ವೈನಿಯದು ಏನೂ ತಪ್ಪಿರಲಿಲ್ಲ, ಮಾಡಿದವನು ನಾನು ಎಂದು. ಉಗುಳುವವರು ಉಗುಳಲಿ. ನೀವು ಕ್ಷಮಿಸಬೇಡಿ, ನಾನು ಕೇಳುತ್ತಲೂ ಇಲ್ಲ.

ಇನ್ನೊಂದು ಉಳಿದಿದೆ, ಇದನ್ನು ಹೇಳದಿದ್ದರೆ ಅರ್ಧ ಸುಳ್ಳು ಉಳಿದಂತೆ. ಇಷ್ಟು ವರ್ಷ ಆ ವಿಡಿಯೊಗಳನ್ನು ನಾನು ನೋಡುತ್ತಿದ್ದೆ, ವೈನಿ. ಕಿವಿಗೆ ವಯರು ಸಿಗಿಸಿಕೊಂಡು, ಬಾಗಿಲು ಹಾಕಿಕೊಂಡು. ಜಡೆ ಹಾಕಿಸಿಕೊಳ್ಳುವಾಗ, ಸಾಲಿಗೆ ಹೊರಟಾಗ, ಕಾಲುವೆ ದಂಡೆಯ ಮೇಲೆ ಓಡುವಾಗ — ಒಂದರಲ್ಲೂ ಆಕೆ ಕಾಕಾ ಎನ್ನುವುದಿಲ್ಲ. ಪ್ರತಿ ಸಲ ಕರೆಯುವುದು "ಅವ್ವಾ" ಎಂದೇ.