ಎಣ್ಣೆ ಬದಲಿಸಿದ ಹೊತ್ತು

ನಾನು ಹಡಗಿನ ಇಂಜಿನಿಯರ್. ರಜೆಯಲ್ಲಿ ಕುಂಬಳೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ವಿದೇಶದ ಬಂದರಿನಿಂದ ಹೊಗೆ ತಪಾಸಣೆಯ ಅಧಿಕಾರಿಯೊಬ್ಬರ ಫೋನ್ ಬಂತು. ಅವರ ಸಮುದ್ರದ ಗಡಿ ಮುಟ್ಟುವ ಮೊದಲೇ ಹಡಗು ಗಂಧಕ ಕಡಿಮೆಯಿರುವ ಎಣ್ಣೆಗೆ ಬದಲಾಗಬೇಕೆಂಬುದು ಕಾನೂನು.

"ಕಳೆದ ಸಲ ಎಷ್ಟು ಗಂಟೆಗೆ ಬದಲಿಸಿದಿರಿ?"

ಬದಲಿಸಿದ್ದು ಗಡಿ ದಾಟಿದ ಮೇಲೆ, ಎಂಟಕ್ಕೆ. ಹಡಗಿನ ದಾಖಲೆ ಪುಸ್ತಕದಲ್ಲಿ ನಾನು ಮುಂಚಿತವಾಗಿಯೇ ಬರೆದಿಟ್ಟದ್ದು ಐದು, ಗಡಿಗೆ ಮೊದಲಿನ ಹೊತ್ತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಸಿಕ್ಕಿಬಿದ್ದರೆ ಜೈಲು.

"ಐದಕ್ಕೆ, ಸರ್."

"ನಿಮ್ಮ ಜೊತೆಗಾರರೆಲ್ಲ ಎಂಟು ಎಂದು ಬರೆದುಕೊಟ್ಟಿದ್ದಾರೆ," ಎಂದು ಅವರು ಬಹಳ ವಿನಯದಿಂದ ಫೋನಿಟ್ಟರು.

"ಎಂತ ಮಾರಾಯ್ರೇ, ಮುಖ ಬಿಳುಚಿದ್ದು?" ಹೆಂಡತಿ ಕೇಳಿದಳು.

"ಎಂತ ಇಲ್ಲ. ರಜೆ ಮುಂದುವರಿಯಬಹುದು."

ಅವಳಿಗೆ ಖುಷಿಯಾಯಿತು. ಎಷ್ಟು ದಿನ ಎಂದು ಕೇಳಿದಳು. ಅದನ್ನು ಹೇಳಬೇಕಾದ ನ್ಯಾಯಾಧೀಶರು ಬೇರೆ ದೇಶದಲ್ಲಿದ್ದರು.